ಪೌತಿಯಾಗದವರು: ಹರದನಹಳ್ಳಿಯಿಂದ ಒಂದು ತಜ್ಞ ವರದಿ

ಮನುಷ್ಯನನ್ನು ಸಾಯದಂತೆ ಮಾಡುವ ವಿದ್ಯೆಯಲ್ಲಿ ಅಮೆರಿಕ ಮುಂದಿದೆ ಎಂಬ ಮಾತು ಈಚೆಗೆ ಬಹಳ ಕೇಳಿಬರುತ್ತಿದೆ. ಇದು ತಪ್ಪು. ಮುಂದಿರುವುದು ಹಾಸನ ಜಿಲ್ಲೆ, ಅದರಲ್ಲೂ ಹೊಳೆನರಸೀಪುರ ತಾಲ್ಲೂಕು. ಈ ವಿಷಯದಲ್ಲಿ ನಾನು ತಜ್ಞ. ಹೊಳೆನರಸೀಪುರದಿಂದ ಊರಿಗೆ ಬರುವಾಗ ಬಸ್ಸು ಕೆಟ್ಟು ಎರಡು ಗಂಟೆ ನಿಂತಿತ್ತು. ಅಷ್ಟರಲ್ಲಿ ಇದರ ಬಗ್ಗೆ ಮೂರು ವಿಡಿಯೊಗಳನ್ನು ಪೂರ್ತಿಯಾಗಿಯೂ ನಾಲ್ಕನೆಯದನ್ನು ಡೇಟಾ ಮುಗಿಯುವವರೆಗೂ ನೋಡಿದೆ. ಹತ್ತುವಾಗ ಬರೀ ಪ್ರಯಾಣಿಕ, ಇಳಿಯುವಾಗ ತಜ್ಞ.

ಮೊದಲು ಎದುರು ಪಾರ್ಟಿಯ ಬಲಾಬಲ ನೋಡೋಣ. ಈ ವಿದ್ಯೆಯ ಹೆಸರು ಟ್ರಾನ್ಸ್‌ಹ್ಯೂಮನಿಸಂ. 1957ರಲ್ಲಿ ಜೂಲಿಯನ್ ಹಕ್ಸ್‌ಲಿ ಎಂಬ ಜೀವವಿಜ್ಞಾನಿ ಈ ಹೆಸರನ್ನು ಚಾಲ್ತಿಗೆ ತಂದರು. ಈಗಿನ ಗುರುಪೀಠದಲ್ಲಿರುವವರು ರೇ ಕರ್ಜ್‌ವೈಲ್. ಇವರ ತಂದೆ ಸಂಗೀತಗಾರರು, 1970ರಲ್ಲಿ ತೀರಿಕೊಂಡರು. ಅಪ್ಪನ ಕಾಗದಪತ್ರ, ಫೋಟೊ, ಸಂಗೀತ, ಹಳೆಯ ಬಿಲ್ಲು, ಎಲ್ಲವನ್ನೂ ಮಗ ಪೆಟ್ಟಿಗೆಗಟ್ಟಲೆ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಮುಂದೊಂದು ದಿನ ಇವನ್ನೆಲ್ಲ ಯಂತ್ರಕ್ಕೆ ಉಣ್ಣಿಸಿದರೆ ಅಪ್ಪ ಮತ್ತೆ ಮಾತಾಡುತ್ತಾರೆ ಎಂಬುದು ನಂಬಿಕೆ.

ಪಿತೃಭಕ್ತಿ ಮೆಚ್ಚತಕ್ಕದ್ದೇ. ಆದರೆ ಎಷ್ಟು ಜಾಗ ಹಿಡಿಯಿತು ನೋಡಿ! ಇದೇ ಕೆಲಸ ನಮ್ಮಲ್ಲಿ ಎರಡು ಅಕ್ಷರದಲ್ಲಿ ಮುಗಿಯುತ್ತದೆ. 1933ರ ಮೇ 18ರಂದು ನಮ್ಮೂರಲ್ಲಿ ಹುಟ್ಟಿದ ಎಚ್.ಡಿ. ದೇವೇಗೌಡರು 1996ರ ಜೂನ್ 1ರಂದು ಪ್ರಧಾನಿಯಾದಾಗ ಒಬ್ಬರೇ ಹೋಗಲಿಲ್ಲ. ‘ಎಚ್’ ಎಂದರೆ ಹರದನಹಳ್ಳಿ, ‘ಡಿ’ ಎಂದರೆ ತಂದೆ ದೊಡ್ಡೇಗೌಡರು. ಇಡೀ ಊರನ್ನೂ ಅಪ್ಪನನ್ನೂ ಹೆಸರಿನ ಹಿಂದೆ ಎರಡು ಅಕ್ಷರವಾಗಿ ಮಡಿಸಿಟ್ಟು ಕೆಂಪುಕೋಟೆಯ ಮೇಲೆ ನಿಲ್ಲಿಸಿದ್ದಾಯಿತು. ಕರೆಂಟೂ ಬೇಕಾಗಲಿಲ್ಲ. ಮಗ ಕುಮಾರಸ್ವಾಮಿಯವರ ಹೆಸರಿಗೆ ಬರುವಷ್ಟರಲ್ಲಿ ‘ಡಿ’ ಎಂಬುದು ದೇವೇಗೌಡರಾಗಿತ್ತು. ಅಕ್ಷರ ಅದೇ, ಒಳಗಿರುವ ಮನುಷ್ಯ ಬೇರೆ. ಇದಕ್ಕೆ ಎಂಜಿನಿಯರುಗಳು ಅಪ್‌ಡೇಟ್ ಎನ್ನುತ್ತಾರೆ.

ಇದು ದೊಡ್ಡವರ ಮಾತಾಯಿತು. ಸಾಮಾನ್ಯರಿಗೂ ಸೌಲಭ್ಯವಿದೆ. ನಮ್ಮ ಮುತ್ತಾತ ತೀರಿಕೊಂಡಾಗ ನಮ್ಮಪ್ಪ ಇನ್ನೂ ಚಡ್ಡಿ ಹಾಕುತ್ತಿದ್ದರು. ಆದರೆ ಪಹಣಿಯ ಒಂಬತ್ತನೇ ಕಾಲಮ್ಮಿನಲ್ಲಿ ಮುತ್ತಾತ ಇವತ್ತಿಗೂ ಎರಡು ಎಕರೆ ಹದಿನಾಲ್ಕು ಗುಂಟೆಯ ಒಡೆಯರು. ಪೌತಿ ಖಾತೆ ಆಗಿಲ್ಲ. ಆಗಬೇಕಾದರೆ ದಾಯಾದಿಗಳು ಹನ್ನೊಂದು ಜನ ವಂಶವೃಕ್ಷ ಒಪ್ಪಿಕೊಂಡು ಒಂದೇ ದಿನ ಒಂದೇ ಕಡೆ ಕೂರಬೇಕು. ಅಂಥ ದಿನ ಇನ್ನೂ ಪಂಚಾಂಗದಲ್ಲಿ ಬಂದಿಲ್ಲ. 2000ರ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಕೈಬರಹದ ಪಹಣಿಗಳು ಕಂಪ್ಯೂಟರಿಗೆ ಏರಿದವಲ್ಲ, ಆಗ ಮುತ್ತಾತನೂ ಏರಿದರು. ಬದುಕಿದ್ದಾಗ ಹಾಸನದ ಸಂತೆಗೂ ನಡೆದೇ ಹೋಗುತ್ತಿದ್ದ ಮನುಷ್ಯ.

ಕ್ಯಾಲಿಫೋರ್ನಿಯಾದ ಪಂಡಿತರು ‘ಮೈಂಡ್ ಅಪ್‌ಲೋಡ್’ ಎಂದು ಕಾಯುತ್ತಿರುವುದು ಇದಕ್ಕೇ. ಅವರಿಗೆ ಮನಸ್ಸನ್ನು ಏರಿಸುವುದೇ ಕಷ್ಟವಾಗಿದೆ. ನಾವು ಜಮೀನಿನ ಸಮೇತ ಏರಿಸಿದ್ದೇವೆ. ಇಂಥ ಅಮರರು ರಾಜ್ಯದಲ್ಲಿ ಲಕ್ಷಗಟ್ಟಲೆ ಇದ್ದಾರೆ. ಕೆಲವರ ಹೆಸರಿಗೆ ಬೆಳೆ ಸಮೀಕ್ಷೆಯೂ ನಡೆಯುತ್ತದೆ. ಹೋದ ವರ್ಷ ಮುತ್ತಾತ ಹುರುಳಿ ಹಾಕಿದ್ದರು.

ಬೆಳೆಸಾಲಕ್ಕೆ ಹೋದರೆ ಕೌಂಟರಿನಲ್ಲಿ ಕೂತವರು, “ಖಾತೆದಾರರನ್ನೇ ಕರ್ಕೊಂಡು ಬನ್ನಿ” ಎನ್ನುತ್ತಾರೆ. ಕರೆದರೆ ಬರುತ್ತಾರೆ ಕೂಡ, ಪಿತೃಪಕ್ಷಕ್ಕೆ. ಅವತ್ತು ನಡುಮನೆಯಲ್ಲಿ ಬಾಳೆಲೆ ಹಾಸಿ, ಅವರು ಇಷ್ಟಪಡುತ್ತಿದ್ದದ್ದನ್ನೆಲ್ಲ ಎಡೆ ಇಡುತ್ತೇವೆ: ಕಡುಬು, ನಾಟಿಕೋಳಿ ಸಾರು, ಎಲೆಅಡಿಕೆ, ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ, ಪಕ್ಕದಲ್ಲಿ ಮುಚ್ಚಳ ತೆಗೆದ ಕ್ವಾರ್ಟರ್ ಬಾಟ್ಲಿ. ಧೂಪ ಹಾಕಿ, ಬಾಗಿಲೆಳೆದುಕೊಂಡು ಎಲ್ಲರೂ ಜಗಲಿಯಲ್ಲಿ ಕೂರುತ್ತೇವೆ. ಹಿರೀಕರು ಊಟ ಮಾಡುವಾಗ ಯಾರೂ ನೋಡಬಾರದು. ಹೋದ ಸಲ ನಾನು ವೈಜ್ಞಾನಿಕವಾಗಿ ಬಾಟ್ಲಿಗೆ ಪೆನ್ನಿನಿಂದ ಗುರುತು ಹಾಕಿಟ್ಟಿದ್ದೆ. ಬಾಗಿಲು ತೆಗೆದಾಗ ಸರಿಯಾಗಿ ಒಂದೂವರೆ ಬೆರಳು ಇಳಿದಿತ್ತು. ಆ ಹೊತ್ತಿನಲ್ಲಿ ನಮ್ಮ ಚಿಕ್ಕಪ್ಪ ಹಿತ್ತಿಲಿನಲ್ಲಿದ್ದರು. ಹಿತ್ತಿಲ ಕಡೆಗೂ ಒಂದು ಬಾಗಿಲಿದೆ ಎಂಬುದನ್ನು ವರದಿಯಲ್ಲಿ ಸೇರಿಸುವ ಅಗತ್ಯ ನನಗೆ ಕಂಡುಬರಲಿಲ್ಲ.

ಸತ್ತವರ ಮೆಸೇಜುಗಳನ್ನೆಲ್ಲ ತುಂಬಿಸಿ ಅವರಂತೆಯೇ ಮಾತಾಡುವ ಚಾಟ್‌ಬಾಟುಗಳು ಈಗ ಬಂದಿವೆ. ಅವು ಮಾತಾಡುತ್ತವೆ, ಸರಿ, ಉಣ್ಣುವುದಿಲ್ಲ. ಉಣ್ಣದವನನ್ನು ಮುತ್ತಾತ ಎಂದು ನಮ್ಮ ಮನೆಯಲ್ಲಿ ಯಾರೂ ಒಪ್ಪುವುದಿಲ್ಲ.

ಇನ್ನು ಶೈತ್ಯಾಗಾರದ ವಿಚಾರ. ಅಮೆರಿಕದ ಅರಿಜೋನಾದಲ್ಲಿ ಆಲ್ಕೋರ್ ಎಂಬ ಸಂಸ್ಥೆಯಿದೆ. ಸತ್ತವರನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುತ್ತಾರೆ. ಔಷಧಿ ಕಂಡುಹಿಡಿದ ಕಾಲಕ್ಕೆ ಎಬ್ಬಿಸಬಹುದು ಎಂಬ ಆಸೆ. ಪೂರ್ತಿ ದೇಹಕ್ಕೆ ಎರಡು ಲಕ್ಷ ಡಾಲರಿಗೂ ಮೇಲೆ. ಅಷ್ಟು ಕೈಲಾಗದವರಿಗೆ ತಲೆ ಮಾತ್ರ ಇಡುವ ಸೌಕರ್ಯವೂ ಇದೆ, 80,000 ಡಾಲರು. ನಮ್ಮ ಕಡೆ ಮರಿ ಕಡಿದಾಗ ತಲೆ-ಕಾಲು ಬೇರೆ ರೇಟಿಗೆ ಹೋಗುವುದರಿಂದ ಈ ದರಪಟ್ಟಿ ನನಗೆ ಸುಲಭವಾಗಿ ಅರ್ಥವಾಯಿತು. ಮೊಟ್ಟಮೊದಲು ಹೀಗೆ ಹೆಪ್ಪುಗಟ್ಟಿದ ಜೇಮ್ಸ್ ಬೆಡ್‌ಫೋರ್ಡ್ ಎಂಬ ಪ್ರೊಫೆಸರು 1967ರ ಜನವರಿ 12ರಿಂದ ಕಾಯುತ್ತಿದ್ದಾರೆ.

ಹಾಸನಾಂಬೆಯ ಗುಡಿಯಲ್ಲಿ ಸಾರಜನಕವಿಲ್ಲ, ಕಂಪ್ರೆಸರ್ ಇಲ್ಲ. ಆಶ್ವಯುಜದ ಹುಣ್ಣಿಮೆ ಕಳೆದ ಮೊದಲ ಗುರುವಾರ ಬಾಳೆಕಂದು ಕಡಿದು ಬಾಗಿಲು ತೆಗೆಯುತ್ತಾರೆ, ದೀಪಾವಳಿ ಮುಗಿಸಿ ಮುಚ್ಚುತ್ತಾರೆ. ಮುಚ್ಚುವಾಗ ಹಚ್ಚಿಟ್ಟ ದೀಪ ಮರುವರ್ಷ ತೆಗೆದಾಗಲೂ ಉರಿಯುತ್ತಿರುತ್ತದೆ, ಇಟ್ಟ ಹೂವು ಬಾಡಿರುವುದಿಲ್ಲ, ನೈವೇದ್ಯ ಹಳಸಿರುವುದಿಲ್ಲ ಎಂಬುದು ಭಕ್ತರ ನಂಬಿಕೆ. ಒಳಗೆ ಕ್ಯಾಮೆರಾ ಇಟ್ಟು ನೋಡೋಣ ಎನ್ನುವವರಿದ್ದಾರೆ. ಆಲ್ಕೋರಿನ ಹಂಡೆಯ ಮುಚ್ಚಳ ತೆಗೆದು ಪ್ರೊಫೆಸರರನ್ನು ಅಲುಗಿಸಿ ನೋಡೋಣ ಎಂದರೆ ಅವರೂ ಬಿಡುವುದಿಲ್ಲ. ಮುಚ್ಚಿರುವವರೆಗೆ ಎರಡೂ ಕೆಲಸ ಮಾಡುತ್ತಿವೆ. ಆದರೆ ಇಲ್ಲಿ ವಿಶೇಷ ದರ್ಶನದ ಟಿಕೆಟ್ಟು 300 ರೂಪಾಯಿ, ಇನ್ನೂ ಬೇಗ ಬೇಕಾದವರಿಗೆ 1,000. ಧರ್ಮದರ್ಶನದ ಸಾಲಿನಲ್ಲಿ ನಿಂತರೆ ಏನೂ ಇಲ್ಲ, ನಿಂತ ಕಾಲು ಮಾತ್ರ ಹೆಪ್ಪುಗಟ್ಟುತ್ತದೆ. ಭದ್ರತೆಯೂ ಮೇಲ್ಮಟ್ಟದ್ದು: ಒಡವೆ ಕದಿಯಲು ಬಂದ ನಾಲ್ವರು ಕಳ್ಳರನ್ನು ದೇವಿ ಕಲ್ಲಾಗಿಸಿದ್ದಾಳೆ. ಅವರಿಗೂ ಕಳ್ಳಪ್ಪನ ಗುಡಿ ಎಂದು ಒಂದು ಗುಡಿಯಾಗಿದೆ.

ನನ್ನ ಸಂಶೋಧನೆಯ ತಿರುಳು ಇರುವುದು ಮಾತ್ರ ಸೊಸೆ ಕಲ್ಲಿನಲ್ಲಿ. ಅತ್ತೆಯ ಹೊಡೆತ ತಾಳಲಾರದೆ ಸೊಸೆಯೊಬ್ಬಳು ದೇವಿಯನ್ನು ಕೂಗಿಕೊಂಡಳು, ದೇವಿ ಅವಳನ್ನು ಕಲ್ಲಾಗಿಸಿ ಸನ್ನಿಧಿಯಲ್ಲೇ ಇಟ್ಟುಕೊಂಡಳು. ಹೊಡೆದವಳು ಅತ್ತೆ, ಕಲ್ಲಾದವಳು ಸೊಸೆ. ನಮ್ಮ ಕಡೆಯ ನ್ಯಾಯಪಂಚಾಯ್ತಿಗಳು ಬಹಳ ಕಾಲ ಇದೇ ಪದ್ಧತಿ ಪಾಲಿಸಿಕೊಂಡು ಬಂದವು. ಆ ಕಲ್ಲು ವರ್ಷಕ್ಕೆ ಒಂದು ಅಕ್ಕಿಕಾಳಿನಷ್ಟು ದೇವಿಯ ಕಡೆಗೆ ಸರಿಯುತ್ತದೆ. ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ.

ಕರ್ಜ್‌ವೈಲರದ್ದೂ ಇದೇ ಶಾಸ್ತ್ರ. ಮನುಷ್ಯ ಯಂತ್ರದೊಳಗೆ ಕರಗಿ ಹೊಸ ಯುಗ ಶುರುವಾಗುವ ಗಳಿಗೆಗೆ ಅವರು ‘ಸಿಂಗ್ಯುಲಾರಿಟಿ’ ಎನ್ನುತ್ತಾರೆ. ಅದು ಸಮೀಪಿಸಿದೆ ಎಂದು 2005ರಲ್ಲಿ ಒಂದು ಪುಸ್ತಕ ಬರೆದರು, ಇನ್ನಷ್ಟು ಸಮೀಪಿಸಿದೆ ಎಂದು 2024ರಲ್ಲಿ ಇನ್ನೊಂದು. ಈ 19 ವರ್ಷದಲ್ಲಿ ನಮ್ಮ ಕಲ್ಲು 19 ಅಕ್ಕಿಕಾಳು ಸರಿದಿದೆ. ವೇಗದಲ್ಲಿ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಆದರೆ ಅವರು ಒಂದು ತಪ್ಪು ಮಾಡಿದ್ದಾರೆ: 2045 ಎಂದು ಇಸವಿ ಹೇಳಿಬಿಟ್ಟಿದ್ದಾರೆ. ಹಳ್ಳಿಯ ಯಾವ ಶಾಸ್ತ್ರದವನೂ ಇಸವಿ ಹೇಳುವುದಿಲ್ಲ. ಅಳತೆ ಹೇಳುತ್ತಾನೆ, ಅಳತೆಗೋಲನ್ನು ಮಾತ್ರ ತನ್ನ ಹತ್ತಿರವೇ ಇಟ್ಟುಕೊಳ್ಳುತ್ತಾನೆ. ಒಂದು ಕಾಳಿಗೆ 5 ಮಿಲಿಮೀಟರ್ ಹಿಡಿದರೆ ಒಂದು ಮೀಟರಿಗೆ 200 ವರ್ಷ. ಬಾಸುಮತಿ ಎಂದುಕೊಂಡು 7 ಮಿಲಿಮೀಟರ್ ಹಿಡಿದರೆ 143 ವರ್ಷ. ಅಂದರೆ ಅಕ್ಕಿ ಬದಲಾಯಿಸಿದರೆ ಪ್ರಳಯ 57 ವರ್ಷ ಮೊದಲೇ ಬರುತ್ತದೆ. ನಮ್ಮ ತಾಲ್ಲೂಕಿನವರು ರಾಜಮುಡಿಯನ್ನೇ ಬೆಳೆಯಬೇಕೆಂದು ನಾನು ಒತ್ತಾಯಿಸುತ್ತಿರುವುದು ರುಚಿಗಾಗಿ ಮಾತ್ರವಲ್ಲ.

ಯಂತ್ರವನ್ನೇ ದೇವರೆಂದು ಪೂಜಿಸುವ ಪ್ರಯೋಗವೂ ಅಲ್ಲಿ ನಡೆದಿದೆ. ಆಂಥನಿ ಲೆವಾಂಡೋವ್ಸ್ಕಿ ಎಂಬ ಎಂಜಿನಿಯರು ಕೃತಕ ಬುದ್ಧಿಮತ್ತೆಗೆ ಒಂದು ಚರ್ಚು ಸ್ಥಾಪಿಸಿದರು. ಜಾತ್ರೆಯಿಲ್ಲ, ತೇರಿಲ್ಲ, ಪುಳಿಯೋಗರೆ ಇಲ್ಲ. ಕೆಲವೇ ವರ್ಷಕ್ಕೆ ಬಾಗಿಲು ಹಾಕಿ, ಉಳಿದಿದ್ದ ಒಂದೂಮುಕ್ಕಾಲು ಲಕ್ಷ ಡಾಲರನ್ನು ಸಾಮಾಜಿಕ ಸಂಸ್ಥೆಯೊಂದಕ್ಕೆ ದಾನ ಕೊಟ್ಟರು. ದೇವಸ್ಥಾನ ಸಮಿತಿಯಲ್ಲಿ ಹಣ ಉಳಿಯುವುದು, ಉಳಿದದ್ದು ಎಷ್ಟೆಂದು ಎಲ್ಲರಿಗೂ ಗೊತ್ತಾಗುವುದು, ಎರಡೂ ನಮಗೆ ಪವಾಡವೆನಿಸಿದವು. 2023ರಲ್ಲಿ ಜೀರ್ಣೋದ್ಧಾರವಾಯಿತಂತೆ.

ನಮ್ಮಲ್ಲಿ ಯಂತ್ರವನ್ನು ದೇವರು ಮಾಡುವ ಕಷ್ಟ ಇಲ್ಲ. ಆಯುಧಪೂಜೆಯ ದಿನ ಟ್ರ್ಯಾಕ್ಟರು, ಜೆಸಿಬಿ, ಡೇರಿಯ ಹಾಲು ಪರೀಕ್ಷಿಸುವ ಮಿಷನ್ನು, ಎಲ್ಲವೂ ಅರಿಶಿನ ಕುಂಕುಮ ಹಚ್ಚಿಕೊಂಡು ಒಂದು ದಿನದ ಮಟ್ಟಿಗೆ ದೇವರಾಗುತ್ತವೆ, ಮಾರನೇ ದಿನ ಮತ್ತೆ ದುಡಿಯುತ್ತವೆ. ಚಕ್ರದಡಿಗೆ ನಿಂಬೆಹಣ್ಣು. ನಿಂಬೆಹಣ್ಣಿನ ವಿಚಾರದಲ್ಲಿ ನಮ್ಮ ತಾಲ್ಲೂಕಿನ ಕೀರ್ತಿ ವಿಧಾನಸಭೆಯವರೆಗೂ ಹೋಗಿರುವುದರಿಂದ ನಾನು ಹೆಚ್ಚು ಹೇಳುವುದಿಲ್ಲ. 2023ರ ಜುಲೈನಲ್ಲಿ ಚಂದ್ರಯಾನ-3ರ ಪುಟ್ಟ ಮಾದರಿ ಹಿಡಿದುಕೊಂಡು ಇಸ್ರೊ ವಿಜ್ಞಾನಿಗಳು ತಿರುಪತಿಗೆ ಹೋಗಿಬಂದದ್ದನ್ನು ಕಂಡು ನಕ್ಕವರಿದ್ದರು. ನಾನು ನಗಲಿಲ್ಲ. ಹೊಸ ಗಾಡಿ ಕೊಂಡವರು ಇನ್ನೆಲ್ಲಿಗೆ ಹೋಗುತ್ತಾರೆ?

ಹಾಸನದ ಜನಕ್ಕೆ ಇದು ಹೊಸದೂ ಅಲ್ಲ. 1982ರಿಂದ ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರ ಇರುವುದು ಇಲ್ಲೇ. ಸುಮಾರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹಗಳನ್ನು ಇಲ್ಲಿ ಕೂತು ಕಾಯುತ್ತಾರೆ. ಉಪಗ್ರಹಕ್ಕೂ ಆಯಸ್ಸುಂಟು. 2007ರಲ್ಲಿ ಹಾರಿಸಿದ ಇನ್ಸಾಟ್-4ಬಿಯ ಕಾಲ 2022ರ ಜನವರಿಯಲ್ಲಿ ಮುಗಿದಾಗ, ಉಳಿದ ಇಂಧನದಲ್ಲಿ ಅದನ್ನು ಇನ್ನೂ ಸುಮಾರು 340 ಕಿಲೋಮೀಟರ್ ಮೇಲಕ್ಕೆ ತಳ್ಳಿದರು. ಸತ್ತವರು ಮೇಲೆ ಹೋಗುತ್ತಾರೆ ಎಂದಷ್ಟೇ ನಮಗೆ ಗೊತ್ತಿತ್ತು. ಎಷ್ಟು ಮೇಲೆ ಎಂಬುದು ಈಗ ಗೊತ್ತಾಗಿದೆ.

ಬಾಳೆಹೊನ್ನೂರಿನ ರಂಭಾಪುರಿ ಪೀಠಕ್ಕೆ 2024ರ ಡಿಸೆಂಬರಿನಲ್ಲಿ ‘ವೀರಭದ್ರ’ ಎಂಬ ಯಾಂತ್ರಿಕ ಆನೆ ಬಂದಿದೆ. ಕಿವಿ ಆಡಿಸುತ್ತದೆ, ಸೊಂಡಿಲಿನಿಂದ ನೀರು ಚಿಮ್ಮಿಸುತ್ತದೆ, ಮದ ಬರುವುದಿಲ್ಲ. ಅದಕ್ಕೆ ಒಂದು ವರ್ಷ ಮೊದಲು, ದಸರೆಯಲ್ಲಿ ಎಂಟು ಸಲ ಅಂಬಾರಿ ಹೊತ್ತಿದ್ದ ಆನೆ ಅರ್ಜುನನನ್ನು ನಮ್ಮ ಜಿಲ್ಲೆಯ ಸಕಲೇಶಪುರದ ಕಡೆ ಕಾಡಾನೆ ಹಿಡಿಯಲು ಕರೆತಂದಿದ್ದರು. 2023ರ ಡಿಸೆಂಬರ್ 4ರಂದು ಅಲ್ಲೇ ಕಾದಾಡಿ ಸತ್ತ, ಅಲ್ಲೇ ಹೂತರು. ಅವನಿಗೆ ಬಿಡಿಭಾಗ ಸಿಗುತ್ತಿರಲಿಲ್ಲ.

ಮಗನ ಯೌವನ ಅಪ್ಪನಿಗೆ ಹಾಕುವ ಪ್ರಯೋಗವನ್ನು ಬ್ರಯನ್ ಜಾನ್ಸನ್ ಎಂಬ ಅಮೆರಿಕದ ಸಾಹುಕಾರರು 2023ರಲ್ಲಿ ಮಾಡಿದರು. ವರ್ಷಕ್ಕೆ 20 ಲಕ್ಷ ಡಾಲರು ಖರ್ಚು ಮಾಡಿ ವಯಸ್ಸು ಇಳಿಸಿಕೊಳ್ಳುವವರು ಇವರು. ಹದಿನೇಳರ ಮಗನ ರಕ್ತದ ಪ್ಲಾಸ್ಮಾ ತಮಗೆ ಹಾಕಿಸಿಕೊಂಡು, ತಮ್ಮದನ್ನು ಎಪ್ಪತ್ತರ ಅಪ್ಪನಿಗೆ ಕೊಟ್ಟರು. ಲಾಭ ಕಾಣಲಿಲ್ಲವೆಂದು ಕೆಲವೇ ತಿಂಗಳಲ್ಲಿ ನಿಲ್ಲಿಸಿದರು. ಯಯಾತಿ ಪುರುವಿನ ಯೌವನವನ್ನು ಸಾವಿರ ವರ್ಷ ಉಪಯೋಗಿಸಿ ವಾಪಸು ಕೊಟ್ಟಿದ್ದ, ಆ ಕಾಲದ ಮಾಲೇ ಗಟ್ಟಿ. 2025ರಲ್ಲಿ ಜಾನ್ಸನ್ನರು, ಹೊಸ ಧರ್ಮವನ್ನೇ ಸ್ಥಾಪಿಸುತ್ತೇನೆ ಎಂದು ಸಾರಿದ್ದಾರೆ. ‘ಸಾಯಬೇಡಿ’ ಎಂಬುದೊಂದೇ ಅದರ ಉಪದೇಶ. ನಮ್ಮ ತಾಲ್ಲೂಕಿನಲ್ಲಿ ಈ ಧರ್ಮಕ್ಕೆ ಅಪ್ಪಂದಿರು ಸೇರಬಹುದು. ಪಾಲಿಗೆ ಕಾಯುತ್ತಿರುವ ಮಕ್ಕಳು ಸೇರುವುದು ಅನುಮಾನ.

ಮಾರುಕಟ್ಟೆ ಸಮೀಕ್ಷೆಗೆಂದು ಚನ್ನರಾಯಪಟ್ಟಣ ತಾಲ್ಲೂಕಿಗೂ ಹೋಗಿದ್ದೆ. ನಿರಾಶೆಯಾಯಿತು. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಕ್ರಿ.ಶ. 600ರ ಆಸುಪಾಸಿನಿಂದ ಬಂಡೆಯ ಮೇಲೆ ಬರೆದಿಟ್ಟಿದ್ದಾರೆ: ಇಂಥವರು ಬಂದರು, ಅನ್ನ ನೀರು ಬಿಟ್ಟರು, ಸಲ್ಲೇಖನದಿಂದ ಮುಡಿಪಿದರು. ಎದುರು ಬೆಟ್ಟದಲ್ಲಿ 58 ಅಡಿಯ ಗೊಮ್ಮಟ, ಕಾಲಿಗೆ ಬಳ್ಳಿ ಹಬ್ಬುವವರೆಗೂ ಅಲ್ಲಾಡದೆ ನಿಂತವನು, ಮೈಮೇಲೆ ನೂಲಿನ ಎಳೆಯೂ ಇಲ್ಲ. ಬ್ಯಾಟರಿ, ಚಾರ್ಜರು, ಚಂದಾ ಒಂದೂ ಇಲ್ಲದ ಈ ಜನಕ್ಕೆ ಏನನ್ನು ಮಾರುವುದು? ಬಂಡೆಯ ಮೇಲೆ ಬಿಸಿಲಿತ್ತು, ಅಕ್ಷರಗಳು ಸವೆದಿದ್ದವು, ನನಗೆ ಓದಲು ಬರಲಿಲ್ಲ. ಸ್ವಲ್ಪ ಹೊತ್ತು ಕೂತಿದ್ದು ಎಳನೀರು ಕುಡಿದು ಬಂದೆ. ವರದಿಯಲ್ಲಿ ‘ಬೇಡಿಕೆ: ಇಲ್ಲ’ ಎಂದು ಬರೆದುಕೊಂಡಿದ್ದೇನೆ.

ಕೊನೆಗೆ, ಪ್ರಯೋಗಾರ್ಥಿಯಾಗಿ ನಮ್ಮಜ್ಜಿಯನ್ನೇ ಆರಿಸಿಕೊಂಡೆ. ವಯಸ್ಸು ಎಂಬತ್ತೋ ಎಂಬತ್ನಾಲ್ಕೋ. ಕಾರ್ಡಿನಲ್ಲಿ ಹುಟ್ಟಿದ್ದು ಜನವರಿ 1. ಅವರ ವಾರಗೆಯವರೆಲ್ಲ ಜನವರಿ ಒಂದರಂದೇ ಹುಟ್ಟಿದವರು. ಇವರು ಆಗಲೇ ಅರ್ಧ ಯಂತ್ರ. ಉಚಿತ ಕಣ್ಣಿನ ಶಿಬಿರದಲ್ಲಿ ಹಾಕಿದ ಲೆನ್ಸು ಎರಡೂ ಕಣ್ಣಿನಲ್ಲಿದೆ, ಮೇಲಿನ ಸಾಲು ಹಲ್ಲುಸೆಟ್ಟು. ಬೆಂಗಳೂರಿನಿಂದ ಮೊಮ್ಮಗ ತಂದುಕೊಟ್ಟ ಕಿವಿಮಿಷನ್ನು ದೇವರ ಗೂಡಿನಲ್ಲಿ, ವಿಭೂತಿ ಗಟ್ಟಿಯ ಪಕ್ಕ, ಕುಂಕುಮ ಹಚ್ಚಿಸಿಕೊಂಡು ಕೂತಿದೆ. ದಿನಾ ಕೈಮುಗಿಯುತ್ತಾರೆ, ಹಾಕಿಕೊಳ್ಳುವುದಿಲ್ಲ.

“ಯಾಕಜ್ಜಿ, ಹಾಕ್ಕಬಾರ್ದಾ?”

“ಅದ ಇಟ್ಕಂಡ್ರೆ ನೀವ್ ಮಾತಾಡದೆಲ್ಲಾ ಕೇಳ್ಸ್ತದೆ ಕಣ್ಲಾ.”

ಮುಂದೆ ಮನುಷ್ಯರು ಸಾವಿರ ವರ್ಷ ಬದುಕುವ ಹಾಗೆ ಮಾಡುತ್ತಾರಂತೆ ಎಂದು ಕಿವಿಯ ಹತ್ತಿರ ಕೂಗಿ ಹೇಳಿದೆ. ಅಜ್ಜಿ ಅಡಿಕೆ ಕುಟ್ಟುತ್ತಿದ್ದವರು ನಿಲ್ಲಿಸಿದರು.

“ಸಂಧ್ಯಾ ಸುರಕ್ಷಾ ಸಾವ್ರ ವರ್ಸಾನೂ ಸಾವ್ರದಿನ್ನೂರೇಯಾ?”

ಈ ಪ್ರಶ್ನೆ ಮೂರು ವಿಡಿಯೊಗಳಲ್ಲಿ ಎಲ್ಲೂ ಬಂದಿರಲಿಲ್ಲ.

ಅವತ್ತು ರೇಷನ್ ಕೊಡುವ ದಿನ. ಅಜ್ಜಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದೆ. ಸಾಲಿನಲ್ಲಿ ನಿಂತು ಸರದಿ ಬಂದಾಗ ಅಜ್ಜಿ ಹೆಬ್ಬೆರಳನ್ನು ಸೆರಗಿಗೆ ಒರೆಸಿ ಮಿಷನ್ನಿನ ಗಾಜಿನ ಮೇಲಿಟ್ಟರು. ಕೆಂಪು ದೀಪ. ಹೊಂದಾಣಿಕೆಯಾಗಲಿಲ್ಲ. ಇನ್ನೊಂದು ಹೆಬ್ಬೆರಳು, ಅದೂ ಇಲ್ಲ. ಅರವತ್ತು ವರ್ಷ ರಾಗಿ ಹೊಲದ ಕಳೆ ಕಿತ್ತು, ಬೂದಿಯಲ್ಲಿ ಪಾತ್ರೆ ತಿಕ್ಕಿ, ಹುಣಸೆಹಣ್ಣು ಕುಟ್ಟಿದ ಬೆರಳುಗಳಲ್ಲಿ ಗೆರೆ ಉಳಿದಿಲ್ಲ. ಸವೆದ ನಾಣ್ಯದ ಹಾಗೆ ನುಣ್ಣಗಿವೆ. ಅಂಗಡಿಯಾತ ಒಳ್ಳೆಯ ಹುಡುಗ. “ಅಜ್ಜಿ, ಒಂಚೂರು ಎಣ್ಣೆ ಹಚ್ಕಳಿ” ಎಂದು ಕೊಬ್ಬರಿ ಎಣ್ಣೆಯ ಡಬ್ಬಿ ಮುಂದಿಟ್ಟ. ಅದಕ್ಕೆಂದೇ ಇಟ್ಟುಕೊಂಡಿದ್ದಾನೆ. ತೋರುಬೆರಳು, ನಡುಬೆರಳು. ಸರ್ವರ್ ಹೋಯಿತು, ಬಂತು. ನಾನು ನಿಂತಲ್ಲೇ ಮೊಬೈಲಿನಲ್ಲಿ ಪಹಣಿ ತೆಗೆದು ನೋಡಿದೆ. ಮುತ್ತಾತ ಇದ್ದರು, ಸರ್ವೆ ನಂಬರ್ ಸಮೇತ, ಆರೋಗ್ಯವಾಗಿ. ಅವರ ಸೊಸೆ ಕೌಂಟರಿನ ಮುಂದೆ ಹತ್ತು ಬೆರಳನ್ನೂ ಒಂದೊಂದಾಗಿ ಒತ್ತುತ್ತಿದ್ದರು.

ಎಡಗೈಯ ಉಂಗುರದ ಬೆರಳಿಗೆ ಹಸಿರು ದೀಪ ಹತ್ತಿತು. ಅಜ್ಜಿ ಮಿಷನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಮನೆಗೆ ಬಂದು ಅಜ್ಜಿ ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸಲು ಕೂತರು. ನಾನು ಒಂದು ಕಾಳು ಎತ್ತಿ ಸ್ಕೇಲಿನ ಮೇಲಿಟ್ಟೆ. ಸೊಸೆ ಕಲ್ಲಿನ ಲೆಕ್ಕಕ್ಕೆ ಸರ್ಕಾರಿ ಅಕ್ಕಿಯ ಅಳತೆಯೂ ಬೇಕಾಗಿತ್ತು. ಐದೂವರೆ ಮಿಲಿಮೀಟರ್.

“ಏನ್ಲಾ ಅದು ಅಳೀತಿದೀಯ?”

ವಿಷಯ ಹೇಳಿದೆ. ಅಜ್ಜಿ ಆರಿಸಿದ ಕಲ್ಲೊಂದನ್ನು ಹಿತ್ತಿಲಿಗೆ ಎಸೆದು, “ಅಕ್ಕಿಯೋ ಅನ್ನವೋ ಮೊದ್ಲು ಕೇಳ್ಕಂಡ್ ಬಾ. ಬೆಂದ್ರೆ ಎಲ್ಡ್ರಷ್ಟಾಯ್ತದೆ” ಎಂದರು.

ಈ ದೃಷ್ಟಿಯಿಂದ ಎಲ್ಲ ಲೆಕ್ಕವನ್ನೂ ಮತ್ತೆ ಮೊದಲಿನಿಂದ ಮಾಡಬೇಕಾಗಿದೆ. ಅನ್ನ ಒಲೆಯ ಮೇಲಿದೆ.